ಬಲಗೈಯವರ ಟೀಪಾಟು

ಮೊನ್ನೆ ಮತ್ತೆ ಟೀ ಕಪ್ಪಿಗೆ ಬೀಳದೆ ಮೇಜಿಗೆ ಬಿತ್ತು. ನಾನು ಎಡಚ, ನನ್ನ ಕ್ಯೂಸು, ಅಂದರೆ ಜಪಾನಿನ ಮಣ್ಣಿನ ಟೀಪಾಟು, ಬಲಗೈಯವರದ್ದು, ಜಗಳ ಇಷ್ಟೇ. ಅದರ ಹಿಡಿ ಪಕ್ಕದಲ್ಲಿ ಚಾಚಿಕೊಂಡಿದೆ. ಬಲಗೈಲಿ ಹಿಡಿದು, ಹೆಬ್ಬೆರಳನ್ನು ಮುಚ್ಚಳದ ಮೇಲಿಟ್ಟು, ಮಣಿಕಟ್ಟನ್ನು ಸ್ವಲ್ಪ ಒಳಗೆ ವಾಲಿಸಿದರೆ ಟೀ ತಾನಾಗಿ ಇಳಿಯುತ್ತದೆ. ಎಡಗೈಲಿ ಹಿಡಿದರೆ ಮಣಿಕಟ್ಟನ್ನು ಹೊರಗೆ ತಿರುಚಬೇಕು. ಕೈ ನಡುಗುತ್ತದೆ, ಮುಚ್ಚಳ ಜಾರುತ್ತದೆ. ಇದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮನಿಗೆ ಎಷ್ಟೋ ವರ್ಷದ ವಾದ ಗೆದ್ದ ಖುಷಿ. "ಚಿಕ್ಕೋನಿದ್ದಾಗ್ಲೇ ಹೇಳಿದ್ನಲ್ಲೋ, ಬಲಗೈ ರೂಢಿ ಮಾಡ್ಕೋ ಅಂತ. ನನ್ ಮಾತು ಕೇಳ್ಲಿಲ್ಲ, ಈಗ ಆ ಪಾತ್ರೆ ಹೇಳ್ತಿದೆ ನೋಡು."

ಕ್ಯೂಸು ಟೊಕೊನಾಮೆಯದ್ದು. ನಾನಿರುವ ನಗೋಯಾದಿಂದ ರೈಲು ಹತ್ತಿದರೆ ಹತ್ತಿರವೇ. ಚರಂಡಿ ಪೈಪು ಸುಟ್ಟು ಹೆಸರು ಮಾಡಿದ ಊರದು, ಹಳೇ ಪೈಪುಗಳನ್ನೇ ಗೋಡೆಗೆ ಜೋಡಿಸಿದ ಏರುದಾರಿ ಈಗಲೂ ಇದೆ. ಅದೇ ಊರಲ್ಲಿ ಕೆಂಪು ಮಣ್ಣಿನ ಈ ನಾಜೂಕಿನ ವಸ್ತುವೂ ಹುಟ್ಟುತ್ತದೆ. 1878ರಲ್ಲಿ ಚೀನಾದ ಜಿನ್ ಷಿಹೆಂಗ್ ಎಂಬಾತನನ್ನು ಕರೆಸಿ ಮಣ್ಣಿನ ಟೀಪಾಟಿಗೆ ಹೆಸರಾದ ಅಲ್ಲಿನ ಯಿಶಿಂಗ್ ಊರಿನ ಕೈಚಳಕ ಕಲಿತರು. 1998ರಲ್ಲಿ ಕ್ಯೂಸು ಮಾಡುವ ಮೂರನೇ ಯಮಾದಾ ಜೋಜಾನ್‌ಗೆ ಜಪಾನ್ ಸರ್ಕಾರ ಜೀವಂತ ರಾಷ್ಟ್ರೀಯ ನಿಧಿ ಎಂಬ ಗೌರವ ಕೊಟ್ಟಿತು. ಮೈ, ಮೂತಿ, ಹಿಡಿ, ಮುಚ್ಚಳ, ಒಳಗಿನ ಮಣ್ಣಿನ ಜಾಲರಿ, ಎಲ್ಲ ಬೇರೆ ಬೇರೆ ಮಾಡಿ, ಅರೆಬರೆ ಒಣಗಿದಾಗ ಅಂಟಿಸುತ್ತಾರೆ. ಸುಟ್ಟ ಮೇಲೆ ಮುಚ್ಚಳವನ್ನು ಬಾಯಿಗಿಟ್ಟು, ನುಣುಪು ಪುಡಿ ಹಾಕಿ, ಎರಡೂ ಕೂಡುವ ತನಕ ಉಜ್ಜುತ್ತಾರೆ. ಒಳ್ಳೇ ಕ್ಯೂಸಾದರೆ ಬಗ್ಗಿಸುವಾಗ ಮುಚ್ಚಳದ ಪುಟ್ಟ ತೂತನ್ನು ಬೆರಳಲ್ಲಿ ಮುಚ್ಚಿ ನೋಡಿ, ಟೀ ನಿಂತುಹೋಗುತ್ತದೆ. ನಾನು ಸುಮ್ನೆ ನೀರು ತುಂಬಿಸಿ ಇದೇ ಆಟ ಆಡುವುದುಂಟು. ಎಡಗೈಯವರಿಗೂ ಮಾಡುತ್ತಾರೆ, ಆದರೆ ಹುಡುಕಬೇಕು, ಕೇಳಬೇಕು, ಕಾಯಬೇಕು. ಅಂಗಡಿಯ ಸಾಲಲ್ಲಿ ಕೂತವೆಲ್ಲ ಬಲಗೈಯವೇ.

ಅದಕ್ಕಿಂತ ಜಾಸ್ತಿ ಕೋಪ ಬರುವುದು ಇದನ್ನು ಕೊಂಡು ಗಾಜಿನ ಬೀರುವಿನಲ್ಲಿ ಕೂರಿಸುವವರ ಮೇಲೆ. ಪರಿಚಯದ ಒಬ್ಬರ ಮನೆಯಲ್ಲಿ ಇಂಥವು ಒಂದು ಸಾಲಿದೆ. ಒಂದಕ್ಕೂ ಟೀ ಎಲೆ ಸೋಕಿಲ್ಲ. ನಮಗೆ ಕೊಟ್ಟದ್ದು ಬಾಟಲಿಯ ತಣ್ಣನೆ ಗ್ರೀನ್ ಟೀ! ಅದನ್ನು ಕುಡಿಸುತ್ತಾ ಸೆಂಚಾಗೆ, ಅಂದರೆ ಎಲೆ ನೆನೆಸಿ ಮಾಡುವ ಗ್ರೀನ್ ಟೀಗೆ, ನೀರು 70 ಡಿಗ್ರಿ ಇರಬೇಕು ಅಂತ ಪಾಠ ಬೇರೆ.

ಇಂಥವರನ್ನು ನೋಡಿದಾಗ ನನಗೆ ಬೈಸಾವೊ ನೆನಪಾಗುತ್ತಾನೆ. 1675ರಲ್ಲಿ ಹುಟ್ಟಿದ ಝೆನ್ ಸನ್ಯಾಸಿ. ಅರವತ್ತು ದಾಟುವ ಹೊತ್ತಿಗೆ ಕ್ಯೋಟೋಗೆ ಬಂದು, ಕೋಲಿನ ಎರಡು ತುದಿಗೆ ಸಾಮಾನು ತೂಗಿಹಾಕಿಕೊಂಡು, ಹೂ ಬಿಟ್ಟ ಮರದಡಿ, ಹೊಳೆಯ ದಂಡೆಯಲ್ಲಿ, ದೇವಸ್ಥಾನದ ಹತ್ತಿರ, ಎಲ್ಲಿ ಮನಸ್ಸು ಬಂತೋ ಅಲ್ಲಿ ಒಲೆ ಹೂಡಿ ಟೀ ಮಾರಿದ. ಕಾವಿ ತೋರಿಸಿ ಊಟ ಗಿಟ್ಟಿಸುವ ಸನ್ಯಾಸಿಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ರೇಟು? ನೂರು ಚಿನ್ನದ ನಾಣ್ಯ ಕೊಟ್ಟರೂ ಸರಿ, ಅರ್ಧ ಕಾಸು ಕೊಟ್ಟರೂ ಸರಿ, ಪುಕ್ಕಟೆ ಕುಡಿದರೂ ಸರಿ, ಅದಕ್ಕಿಂತ ಕಮ್ಮಿ ಮಾತ್ರ ಮಾಡಕ್ಕಾಗಲ್ಲ ಎಂಬರ್ಥದ ಬರಹ ತಗುಲಿಸಿದ್ದ. ಇತೋ ಜಾಕುಚೂನಂಥ ದೊಡ್ಡ ಚಿತ್ರಕಾರ ಅವನ ಚಿತ್ರ ಬರೆದ. ಮುದುಕ ಅಷ್ಟು ಫೇಮಸ್ಸು. ಕೊನೆಗೆ ಸನ್ಯಾಸದ ದೀಕ್ಷೆಯನ್ನೂ ಬಿಟ್ಟ. ಸೊಂಟನೋವು ಜೋರಾಗಿ ಹೊರೆ ಹೊರಲು ಆಗದಾದಾಗ, 1755ರಲ್ಲಿ, ಜೊತೆಗೆ ತಿರುಗಿದ ಬಿದಿರು ಬುಟ್ಟಿಯನ್ನು ಮುಂದಿಟ್ಟುಕೊಂಡು ವಿದಾಯ ಹೇಳಿದ. ಇಷ್ಟು ವರ್ಷ ನನ್ನ ಜೊತೆಗಿದ್ದೆ, ನಾನು ಸತ್ತ ಮೇಲೆ ಲೌಕಿಕರ ಕೈಗೆ ಸಿಕ್ಕಿ ನಿನಗೆ ಅವಮಾನ ಆಗೋದು ಬೇಡ ಅನ್ನುವ ಧಾಟಿಯ ಮಾತು. ಆಮೇಲೆ ಅದನ್ನು ಬೆಂಕಿಗೆ ಹಾಕಿದ. ಹಾಗೆ ಸುಟ್ಟದ್ದು ಅದೊಂದನ್ನೇ ಅಲ್ಲ.

ಬೀರುವಿನವರ ಮನೆಯಲ್ಲಿ ಕೂತು ನಾನು ಈ ಕತೆ ಪೂರ್ತಿ ಹೇಳಿದೆ. ಅವರು ಕಣ್ಣರಳಿಸಿ ಕೇಳಿ, "ಅಯ್ಯೋ, ಉಳಿದಿದ್ರೆ ಈಗ ಎಷ್ಟು ಬೆಲೆ ಇರ್ತಿತ್ತು ಅಲ್ವಾ?" ಅಂದರು.

ಬೈಸಾವೊ ಕಡೆಗೂ ಇಂಥವರಿಂದ ತಪ್ಪಿಸಿಕೊಳ್ಳಲಿಲ್ಲ. ಅವನ ಹೆಸರು ಹೇಳಿಕೊಂಡು ಸೆಂಚಾ ಕುಡಿಯುವುದಕ್ಕೇ ಪಂಥಗಳು ಹುಟ್ಟಿದವು, ಯಾವ ಕೈ ಯಾವಾಗ ಎಲ್ಲಿರಬೇಕು ಅಂತ ನಿಯಮಗಳೂ ಬಂದವು. ಅವನು ಬಿಟ್ಟುಬಂದ ಝೆನ್ ಪಂಥದ ಮುಖ್ಯ ಮಠ ಉಜಿಯ ಮಾಂಪುಕುಜಿ. ಅಲ್ಲೇ ಅವನ ನೆನಪಿಗೆ ಒಂದು ಗುಡಿ ಕಟ್ಟಿದ್ದಾರೆ. ವರ್ಷಕ್ಕೊಮ್ಮೆ ದೇಶದ ಸೆಂಚಾ ಪಂಥಗಳೆಲ್ಲ ಅಲ್ಲಿ ಸೇರಿ ದೊಡ್ಡ ಟೀ ಸಮಾರಂಭ ನಡೆಸುತ್ತವೆ. ಕುಡಿಯೋಕೆ ಟಿಕೆಟ್ ತಗೋಬೇಕು.