ಬೇಡ ಅಂದ್ರೂ ಬಂದ 1,300 ಕೋಟಿ ಯೂರೋ

ನಿಮಗೆ ಬರಬೇಕಾದ ದುಡ್ಡು ವಸೂಲಿ ಮಾಡ್ಕೊಳ್ರಪ್ಪಾ ಅಂದ್ರೆ, ಅಯ್ಯೋ ನಮಗೆ ಬೇಡ ಅಂತ ಕೋರ್ಟಿಗೆ ಹೋದ ಸರ್ಕಾರ ಯಾವುದು ಗೊತ್ತಾ? ಐರ್ಲೆಂಡ್. 2016ರಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸೋ ಯುರೋಪಿಯನ್ ಕಮಿಷನ್ನು ಆಪಲ್‌ನಿಂದ 1,300 ಕೋಟಿ ಯೂರೋ ಹಳೇ ಟ್ಯಾಕ್ಸ್ ಬಾಕಿ ತಗೊಳ್ಳಿ ಅಂತ ಆರ್ಡರ್ ಮಾಡ್ತು, ಇವ್ರು ಆಪಲ್ ಪಕ್ಕದಲ್ಲೇ ನಿಂತು ಕೇಸ್ ನಡೆಸಿದ್ರು, 2024ರ ಸೆಪ್ಟೆಂಬರಲ್ಲಿ ಸೋತ ಮೇಲೆ ದುಡ್ಡು ಖಜಾನೆಗೆ ಬಂತು! 2014ರಲ್ಲಿ ಆಪಲ್‌ನ ಒಂದು ಐರಿಷ್ ಕಂಪನಿಗೆ ಬಿದ್ದ ಟ್ಯಾಕ್ಸು ಕಮಿಷನ್ ಲೆಕ್ಕದ ಪ್ರಕಾರ 0.005%. ಹತ್ತು ಲಕ್ಷ ಲಾಭಕ್ಕೆ ಐವತ್ತು. ಸಂಬಳದೋರು ಒಂದ್ಸಲ ಪೇ ಸ್ಲಿಪ್ ತೆಗೆದು ನೋಡ್ಕೊಳ್ಳಿ.

ಕಂಪನಿಗಳು ಹೀಗೆ ಟ್ಯಾಕ್ಸ್ ಉಳಿಸೋ ಐಡಿಯಾ ಏನೂ ದೊಡ್ಡದಲ್ಲ. ಬ್ರ್ಯಾಂಡು, ಪೇಟೆಂಟು ಎಲ್ಲ ಟ್ಯಾಕ್ಸ್ ಇಲ್ಲದ ಕಡೆ ಇರೋ ತಮ್ಮದೇ ಇನ್ನೊಂದು ಕಂಪನಿ ಹೆಸರಿಗೆ ಬರೆದಿಡೋದು, ಮಾಲು ಮಾರೋ ದೇಶದ ಕಂಪನಿ ಅದಕ್ಕೆ ರಾಯಲ್ಟಿ, ಅಂದ್ರೆ ಅವನ್ನ ಬಳಸೋ ಫೀಸು, ಕಟ್ಟೋದು, ಕಟ್ಟಿ ಕಟ್ಟಿ ಇಲ್ಲಿ ಲಾಭಾನೇ ಉಳಿಯಲ್ಲ, ಎಲ್ಲಾ ಅಲ್ಲಿ. ಗೂಗಲ್ 2017ರಲ್ಲಿ ಹೀಗೇ ನೆದರ್ಲೆಂಡ್ಸ್ ದಾರೀಲಿ ಬರ್ಮುಡಾಗೆ ಸುಮಾರು 2,000 ಕೋಟಿ ಯೂರೋ ಸಾಗಿಸ್ತು. ಇಂಥದ್ದೇ ಟ್ಯಾಕ್ಸ್ ಇಲ್ಲದ ಇನ್ನೊಂದು ಜಾಗ ಕೇಮನ್ ದ್ವೀಪದಲ್ಲಿ ಅಗ್ಲಂಡ್ ಹೌಸ್ ಅಂತ ಐದು ಮಹಡಿ ಬಿಲ್ಡಿಂಗ್ ಇದೆ, 2008ರಲ್ಲಿ ಅಮೆರಿಕದ ಸರ್ಕಾರಿ ಆಡಿಟ್‌ನೋರು ಹೋಗಿ ನೋಡಿದ್ರೆ ಆ ಒಂದು ಅಡ್ರೆಸ್ಸಲ್ಲಿ 18,857 ಸಂಸ್ಥೆಗಳು. ಬರೀ ಬೋರ್ಡ್ ಹಾಕೋಕೂ ಗೋಡೆ ಸಾಲಲ್ಲ.

"ಲೀಗಲ್ ಅಲ್ವಾ ಗುರೂ" ಅಂತಾರೆ ಕೆಲವರು. ಹೌದು, ಬಹುಪಾಲು ಲೀಗಲ್ಲೇ, ನನಗೆ ಉರಿಯೋದೇ ಅದಕ್ಕೆ. ಕದ್ದಿದ್ರೆ ಹಿಡೀಬಹುದಿತ್ತು. ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟ ಒಇಸಿಡಿ 2015ರಲ್ಲಿ ಅಂದಾಜು ಮಾಡಿದ ಪ್ರಕಾರ ಹಿಂಗೆ ಲಾಭ ಸಾಗಿಸೋದ್ರಿಂದ ಸರ್ಕಾರಗಳಿಗೆ ವರ್ಷಕ್ಕೆ 10,000ದಿಂದ 24,000 ಕೋಟಿ ಡಾಲರ್ ಖೋತಾ. ಹಂಗಂತ ಸರ್ಕಾರದ ಖರ್ಚು ನಿಲ್ಲತ್ತಾ, ಇಲ್ಲ, ಸಂಬಳ ಕೈಗೆ ಬರೋ ಮುಂಚೆನೇ ಕಟ್ ಆಗೋರು, ಸೋಪು ತಗೊಂಡ್ರೂ ಟ್ಯಾಕ್ಸ್ ಕಟ್ಟೋರು ತುಂಬ್ಕೊಡ್ಬೇಕು, ಇಲ್ಲಾಂದ್ರೆ ಆಸ್ಪತ್ರೇಲಿ ನರ್ಸ್ ಪೋಸ್ಟ್ ಖಾಲಿ ಬಿದ್ದಿರತ್ತೆ. ಬರ್ಮುಡಾದಲ್ಲಿ ಕಂಪನಿ ಮಾಡೋ ಯೋಗ ನಮಗೆಲ್ಲಿ.

ಸರ್ಕಾರಗಳು ಚಾಪೆ ಕೆಳಗೆ ತೂರಿದ್ರೆ ಈ ಕಂಪನಿಗಳ ಅಕೌಂಟೆಂಟ್‌ಗಳು ರಂಗೋಲಿ ಕೆಳಗೆ ತೂರ್ತಾರೆ. 2021ರಲ್ಲಿ 136 ದೇಶ ಸೇರಿ ದೊಡ್ಡ ಕಂಪನಿಗಳಿಗೆ ಎಲ್ಲೇ ಹೋದ್ರೂ ಕನಿಷ್ಠ 15% ಅಂತ ಒಪ್ಕೊಂಡ್ರು, ಪರ್ವಾಗಿಲ್ವೇ ಅನ್ಕೊಂಡಿದ್ದೆ. 2025ರ ಜೂನಲ್ಲಿ ಜಿ7 ಗುಂಪಿನ ಏಳು ಶ್ರೀಮಂತ ದೇಶಗಳು, ಅಮೆರಿಕದ ಕಂಪನಿಗಳಿಗೆ ಅವರ ದೇಶದ್ದೇ ಬೇರೆ ಮಿನಿಮಮ್ ಟ್ಯಾಕ್ಸ್ ಇದೆ, ಅವರನ್ನ ಇದರ ಮುಖ್ಯ ರೂಲ್ಸಿಂದ ಹೊರಗಿಡೋಣ ಅಂದ್ವು. ಮೇಲೆ ಹೇಳಿದ ಎರಡು ಕಂಪನಿ ಯಾವ ದೇಶದ್ದು ಅಂತ ಬೇರೆ ಹೇಳ್ಬೇಕಾ?