ಗುಡ್ಡದ ನೆತ್ತಿಯಲ್ಲಿ ಸೊಂಡಿಲು

ಕಾಡುದಾರಿ ಶುರುವಾಗುವಲ್ಲಿಯೇ ‘ಸುಲಭ’ ಎಂಬ ಫಲಕ ನೆಟ್ಟಿದ್ದಾರೆ. ಅದನ್ನು ಓದಿದ ಮೇಲೂ ನಮ್ಮ ಜೀಪು ಸಾಹಸಿಗಳು ಎದೆಗುಂದುವುದಿಲ್ಲ.

ಗುಡ್ಡದ ಏಣಿನುದ್ದಕ್ಕೂ, ಎಂದರೆ ನೆತ್ತಿಯ ಸಾಲಿನುದ್ದಕ್ಕೂ, ಸಾಗುವ ಮಣ್ಣುದಾರಿ ಅದು. ಮರದ ದಿಮ್ಮಿ ಹೊತ್ತ ಲಾರಿಗಳು ಓಡಾಡಲೆಂದು ಹಿಂದೆ ಕಡಿದದ್ದು. ಏರು ಕಡಿಮೆ, ತಿರುವು ಅಗಲ. ಮಳೆ ಸುರಿದರೂ ನೀರು ಎರಡೂ ಮಗ್ಗುಲಿಗೆ ಇಳಿದುಹೋಗಲಿ ಎಂದೇ ಇಂಥ ದಾರಿಗಳನ್ನು ಏಣಿನ ಮೇಲೆ ಎಳೆಯುವುದು. ಅಲ್ಲಿಗೆ ಬರುವ ಜೀಪುಗಳಿಗೋ, ಒಂದೊಂದಕ್ಕೂ ಆನೆಯ ಸೊಂಡಿಲಿನಂಥ ಸ್ನಾರ್ಕೆಲ್! ಹೊಳೆ ದಾಟುವಾಗ ಎಂಜಿನ್ ನೀರು ಕುಡಿಯದೆ ಮೇಲಿನ ಗಾಳಿ ಎಳೆದುಕೊಳ್ಳಲೆಂದು ಇರುವ ಕೊಳವೆ ಅದು. ಹೊಳೆ ಇರುವುದು ಕೆಳಗೆ ಕಣಿವೆಯಲ್ಲಿ. ಅದಕ್ಕೆ ಸೇತುವೆಯೂ ಇದೆ.

ಹೊರಡುವ ಮುನ್ನ ಟೈರಿನ ಗಾಳಿ ಇಳಿಸುವ ವ್ರತ. ಮರಳಿನಲ್ಲಿ, ಕೆಸರಿನಲ್ಲಿ ಗಾಳಿ ಇಳಿಸಿದರೆ ಟೈರು ಅಗಲವಾಗಿ ಊರಿ ಹಿಡಿತ ಸಿಗುತ್ತದೆ, ಒಪ್ಪೋಣ. ಗಟ್ಟಿ ಮಣ್ಣಿನ ಮೇಲೆ ಸಿಗುವುದು ಹೆಚ್ಚೆಂದರೆ ಸೊಂಟಕ್ಕೆ ಒಂದಿಷ್ಟು ಸುಖ. ಆದರೂ ಒಬ್ಬೊಬ್ಬರೂ ಚಕ್ರದ ಮುಂದೆ ಮಂಡಿಯೂರಿ, ವಾಲ್ವಿಗೆ ಮೀಟರು ಹಿಡಿದು, ನಾಡಿ ನೋಡುವ ಪಂಡಿತರ ಮುಖದಲ್ಲಿ ‘22... 20... 18’ ಎಂದು ಪಿಸುಗುಟ್ಟುತ್ತಾರೆ. ನಾಲ್ಕು ಚಕ್ರ, ಹತ್ತು ಜೀಪು. ಅಷ್ಟರಲ್ಲಿ ನಡೆದು ಹೋದವರು ಅರ್ಧ ದಾರಿ ಮುಗಿಸಿರುತ್ತಾರೆ. ಕೊನೆಯಲ್ಲಿ ಅಷ್ಟೂ ಗಾಳಿಯನ್ನು ಮತ್ತೆ ತುಂಬಬೇಕು, ಅದು ಉದ್ಯಾಪನೆ.

ಹೊರಟ ಮೇಲೆ ವಾಕಿಟಾಕಿ ಗರಗುಟ್ಟುತ್ತದೆ: ‘ಎಡಕ್ಕೊಂದು ಕಲ್ಲಿದೆ, ಎಚ್ಚರ!’ ಕಲ್ಲು ಮುಷ್ಟಿಗಾತ್ರದ್ದು. ಅದನ್ನು ದಾಟಿಸಲು ಒಬ್ಬರು ಕೆಳಗಿಳಿದು, ವಿಮಾನ ನಿಲ್ಲಿಸುವವರಂತೆ ಎರಡೂ ಕೈ ಬೀಸುತ್ತಾರೆ. ಇನ್ನೊಬ್ಬರು ಅದರ ವಿಡಿಯೊ ಮಾಡುತ್ತಾರೆ. ಕಲ್ಲನ್ನು ಕಾಲಿನಿಂದ ಸರಿಸಬಹುದಿತ್ತು ಎಂಬುದು ಯಾರಿಗೂ ಹೊಳೆಯುವುದಿಲ್ಲ, ಅಥವಾ ಹೊಳೆದರೂ ಯಾರೂ ಬಾಯಿ ಬಿಡುವುದಿಲ್ಲ.

ಇಷ್ಟಾಗಿಯೂ ದಾರಿಯಲ್ಲಿ ಒಂದು ಹೊಂಡವಿದೆ, ಸುಳ್ಳು ಹೇಳಬಾರದು. ಮಳೆನೀರು ದಾರಿಯುದ್ದಕ್ಕೂ ಹರಿಯದೆ ಪಕ್ಕಕ್ಕೆ ತಿರುಗಲಿ ಎಂದು ಅಲ್ಲಿ ಓರೆಯಾಗಿ ಮಣ್ಣಿನ ದಿಂಡು ಹಾಕಿದ್ದರು. ಅದರ ಮೇಲೆ ಚಕ್ರ ಗಿರಗಿರನೆ ತಿರುಗಿಸಿ ಮಣ್ಣು ಹಾರಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆಂದು ಯಾರೋ ಕಂಡುಹಿಡಿದರು. ದಿಂಡು ಹೋಯಿತು, ನೀರು ನಿಂತಿತು. ಹೊಂಡ ತಪ್ಪಿಸಲು ಹೋದವರು ಪಕ್ಕದ ಹುಲ್ಲನ್ನೂ ಹೊಂಡ ಮಾಡಿದರು. ಈಗ ಬಂಪರು ಮುಳುಗುವಷ್ಟು ಆಳವಿದೆ. ಸೊಂಡಿಲಿಗೆ ಕೆಲಸ ಸಿಗುವ ದಿನ ದೂರವಿಲ್ಲ.

ಮೊನ್ನೆ ಫಲಕ ಬದಲಾಗಿದೆ. ಈಗ ಅದರಲ್ಲಿ ‘ಮಧ್ಯಮ’ ಎಂದಿದೆ. ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಜೀಪುಗಳು ಸಾಲುಗಟ್ಟಿವೆ.