ಓಟದ ವ್ಯವಸ್ಥೆ ಇದೆ

ಇಪ್ಪತ್ತೆರಡು ವರ್ಷ ಮುಂಬೈಯ ಮಸ್ಜಿದ್ ಬಂದರಿನ ಒಂದು ಆಫೀಸಿನಲ್ಲಿ ಲೆಕ್ಕದ ಟ್ಯಾಲಿ ಸಾಫ್ಟ್‌ವೇರ್ ಕುಟ್ಟಿದವನು ನಾನು. 2020ರ ಮಾರ್ಚಿನಲ್ಲಿ ಲೋಕಲ್ ರೈಲು ನಿಂತಿತು. ಅದು ಮತ್ತೆ ನಮ್ಮಂಥವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಆಫೀಸೇ ಇರಲಿಲ್ಲ.

ಡೊಂಬಿವಲಿಯ ಮನೆಯಲ್ಲಿ ಮಗಳ ಹಳೇ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರೆಲ್‌ಡ್ರಾ ಹಾಕಿಸಿಕೊಂಡು ಹಿಂದಿ ವಿಡಿಯೊ ನೋಡಿ ಕಲಿಯತೊಡಗಿದೆ. ಗುರುವಿಗೆ ನನ್ನ ಅರ್ಧ ವಯಸ್ಸು. ಪ್ರತಿ ಪಾಠಕ್ಕೂ ಮೊದಲು 'ಹಲೋ ದೋಸ್ತೋಂ' ಅನ್ನುತ್ತಿದ್ದ. ನಾನು ಎಳೆದ ಗೆರೆ ಕಲ್ಯಾಣ್ ಸ್ಟೇಷನ್ನಿಗೆ ಹೊರಟು ಕರ್ಜತ್‌ನಲ್ಲಿ ಇಳಿಯುತ್ತಿತ್ತು. "ರೀ, ಕೆಲಸ ಹುಡುಕ್ತಿದ್ದೀರೋ, ಆಟ ಆಡ್ತಿದ್ದೀರೋ?" ಅಂತ ಹೆಂಡತಿ ಕೇಳಿದಳು. ಉತ್ತರ ನನಗೂ ಗೊತ್ತಿರಲಿಲ್ಲ.

ಮೊದಲ ಗಿರಾಕಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಯಜಮಾನರು. ಮೆನು ಕಾರ್ಡಿಗೆ ಬಾಳೆಲೆ ಹಾಕಿದೆ. ಹಸಿರು ಅಂದರೆ ಎಂಥ ಹಸಿರು, ಗಿಳಿ ನಾಚಬೇಕು. ಅಚ್ಚಾಗಿ ಬಂದಾಗ ಯಜಮಾನರು ಕನ್ನಡಕ ಏರಿಸಿ ನೋಡಿದರು. "ಎಂತ ಮಾರಾಯ್ರೆ, ಉಂಡ ಎಲೆ ಹಾಕಿದ್ದೀರಲ್ಲ?" ಪರದೆ ಬಣ್ಣ ಕಟ್ಟುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ. ಪ್ರೆಸ್ಸಿನಲ್ಲಿರುವುದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿ. ಬೆಳಕಿನಲ್ಲಿ ಹೊಳೆಯುವ ಎಷ್ಟೋ ಹಸಿರು ಶಾಯಿಗೆ ಒಲಿಯುವುದೇ ಇಲ್ಲ. ಗುರು ಇದನ್ನು ಹದಿನಾಲ್ಕನೇ ಪಾಠದಲ್ಲಿ ಹೇಳಿದ್ದ. ನಾನು ಹನ್ನೊಂದಕ್ಕೇ ಅಂಗಡಿ ತೆರೆದಿದ್ದೆ.

ಆದರೂ ಕೆಲಸ ಬಂತು. ನನ್ನ ಕೈಚಳಕಕ್ಕಲ್ಲ, ಸುಮ್ನೆ ಯಾಕೆ ಸುಳ್ಳು? ಮುಂಬೈಯಲ್ಲಿ ನಮ್ಮವರ ಪೂಜೆ, ಯಕ್ಷಗಾನ, ಮದುವೆ ಕಾಗದಕ್ಕೆ ಬರವಿಲ್ಲ. ಪ್ರೆಸ್ಸಿನ ಹುಡುಗರಿಗೋ ಕನ್ನಡದ ಗಂಧಗಾಳಿ ಇಲ್ಲ. ಒತ್ತಕ್ಷರ ಬಿದ್ದುಹೋದರೂ ಡಿಸೈನ್ ಅಂದುಕೊಳ್ಳುತ್ತಾರೆ. ಊರಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಓದಿದ ನಾನು ಇಲ್ಲಿ ಪಂಡಿತನಾದೆ.

ಪಾಂಡಿತ್ಯ ಬಯಲಾದದ್ದು ಶನಿಪೂಜೆಯ ಫ್ಲೆಕ್ಸಿನಲ್ಲಿ. ಹತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರ. ಕನ್ನಡದ 'ನುಡಿ' ಫಾಂಟಿನಲ್ಲಿ ಚಂದ ಮಾಡಿ ಫ್ಲೆಕ್ಸ್ ಅಂಗಡಿಗೆ ಕಳಿಸಿದೆ. ತರಲು ಹೋದರೆ 'ಕನ್ನಡ ಬಾಂಧವರಿಗೆ ಸ್ವಾಗತ' ಇರಬೇಕಾದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಯಾವುದೋ ಅಕ್ಷರ. ಹಳೇ ನುಡಿಯಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಖೋಲಿಯಲ್ಲಿ ಬಾಡಿಗೆಗಿರುತ್ತವೆ. ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ ಇರಲಿಲ್ಲ, ಖೋಲಿಯ ಮಾಲೀಕರೇ ಬಾಗಿಲು ತೆಗೆದಿದ್ದರು. "ಮಲಾ ವಾಟಲಂ ಕನ್ನಡ ಅಸಂಚ ಅಸತಂ" ಅಂದ ಹುಡುಗ. ಕನ್ನಡ ಹೀಗೇ ಇರುತ್ತದೆ ಅಂದುಕೊಂಡಿದ್ದನಂತೆ! ನಲವತ್ತು ಚದರ ಅಡಿಯ ದುಡ್ಡು ನನ್ನ ಜೇಬಿನಿಂದ ಹೋಯಿತು.

ಇದಕ್ಕೆ ಮದ್ದು ಕಂಟ್ರೋಲ್ ಕ್ಯೂ. ಒತ್ತಿದರೆ ಅಕ್ಷರ ಬರೀ ಚಿತ್ರವಾಗುತ್ತದೆ, ಫಾಂಟಿನ ಹಂಗಿಲ್ಲ. ಒತ್ತಿದೆ, ಅದೇ ಫೈಲಿನ ಮೇಲೆ ಸೇವ್ ಮಾಡಿದೆ. ಹೊಸ ಫ್ಲೆಕ್ಸ್ ಮೈದಾನದ ಗೇಟಿಗೆ ಏರಿತು. ಸಂಜೆ ಸಮಿತಿಯ ಹಿರಿಯರ ಫೋನು. "ಅಲ್ಲ ಮಾರಾಯ್ರೆ, ಪೂಜೆಯ ನಂತರ ಓಟದ ವ್ಯವಸ್ಥೆ ಇದೆ ಅಂತ ಹಾಕಿದ್ದೀರಿ. ಯಾರು ಓಡಬೇಕು?"

ಕೀಲಿಮಣೆಯಲ್ಲಿ ಯು ಮತ್ತು ಓ ನಡುವೆ ಇರುವುದು ಐ ಒಂದೇ. ಶಿಫ್ಟ್ ಹಿಡಿದು ಯು ಒತ್ತಿದರೆ ಊ, ಓ ಒತ್ತಿದರೆ ಓ. ನನ್ನ ಬೆರಳು ಒಂದು ಮನೆ ದಾಟಿತ್ತು. ತಿದ್ದೋಣವೆಂದರೆ ಅಕ್ಷರಗಳೆಲ್ಲ ಚಿತ್ರವಾಗಿ ಕೂತಿವೆ, ಹೊಸದಾಗಿ ಟೈಪು ಮಾಡಲು ಆ ಗಾಬರಿಯಲ್ಲಿ ತಲೆ ಓಡಲಿಲ್ಲ. 'ಉತ್ಸವ'ದ ಉ ಕಿತ್ತು ತಂದು, 'ಪೂಜೆ'ಯ ದೀರ್ಘ ಕತ್ತರಿಸಿ ಅದರ ಬಾಲಕ್ಕೆ ಹೊಲಿದೆ. ಊ ಸ್ವಲ್ಪ ಕುಂಟುತ್ತಿತ್ತು, ಇರಲಿ. ಸ್ಟಿಕ್ಕರ್ ಹೊಡೆಸಿ, ಏಣಿ ಹತ್ತಿ, ಓ ಮೇಲೆ ಅಂಟಿಸಿ ಬಂದೆ.

ಶನಿವಾರ ಮಂಗಳಾರತಿ ಆಯಿತು. ಕಸಾರಾ ಕಡೆಯವರಿಗೆ ಗಾಡಿ ತಪ್ಪುವ ಚಿಂತೆ, ಉಳಿದವರಿಗೆ ಪಾಯಸದ್ದು. ಜನ ಎಲೆಯತ್ತ ಓಡಿದರು ನೋಡಿ! ಗೇಟಿನಲ್ಲಿ ಸ್ಟಿಕ್ಕರಿನ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಅನ್ನುತ್ತಿತ್ತು, ಕೆಳಗಿಂದ ಓ ಇಣುಕುತ್ತಿತ್ತು. ಏಣಿ ಅಲ್ಲೇ ಇತ್ತು. ನಾನು ಎಲೆಯ ಕಡೆಗೇ ಓಡಿದೆ.